ಹೆಸರು ಬರಕೂಡದ ಪ್ರಶ್ನೆ

ಏಳನೇ ತರಗತಿಗೆ ನಾನು ಪ್ರಶ್ನೋತ್ತರ ಅವಧಿಯ ಪಾಠ ಮಾಡಿದ ವಾರವೇ ಯುದ್ಧ ಶುರುವಾಯಿತು. ಆಗ ನಾನು ದೋಹಾದಲ್ಲಿ ಭಾರತೀಯ ಮಕ್ಕಳ ಶಾಲೆಯೊಂದರಲ್ಲಿ ಸಮಾಜ ವಿಷಯ ಕಲಿಸುತ್ತಿದ್ದೆ. ಸಂಸತ್ತು ಎಂದರೆ ಆ ಮಕ್ಕಳಿಗೆ ಪುಸ್ತಕದಲ್ಲಿದ್ದ ಗುಂಡನೆಯ ಕಟ್ಟಡದ ಚಿತ್ರ, ಅಷ್ಟೇ. ಅಲ್ಲಿ ಕೂತವರು ಎದ್ದು ನಿಂತು ಮಂತ್ರಿಯನ್ನು ಪ್ರಶ್ನೆ ಕೇಳುತ್ತಾರೆ, ಮಂತ್ರಿ ಉತ್ತರ ಕೊಡಲೇಬೇಕು ಎಂದಾಗ ಕೊಲ್ಲಿಯಲ್ಲೇ ಹುಟ್ಟಿ ಬೆಳೆದ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕೊಡದಿದ್ರೆ, ಮಿಸ್?" ಎಂದಳು ಮುಂದಿನ ಬೆಂಚಿನ ಹುಡುಗಿ.

"ಕೊಡಲೇಬೇಕು."

"ಗೊತ್ತಿಲ್ಲ ಅಂತ ಹೇಳಿದ್ರೆ?"

"ಹಾಗೂ ಹೇಳಬಹುದು."

"ದೆನ್ ವಾಟ್ ಈಸ್ ದ ಯೂಸ್, ಮಿಸ್?"

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ಎರಡು ದಿನ ಕಳೆದು, ಬೆಳಗಾಗುವಷ್ಟರಲ್ಲಿ, ಬಾಗ್ದಾದಿನ ಮೇಲೆ ಬಾಂಬು ಬಿದ್ದ ಸುದ್ದಿ ಬಂತು. ಕೆಲವು ವಾರ ಶಾಲೆಗೆ ಬೀಗ ಬಿತ್ತು.

ಆ ಚಳಿಗಾಲದಲ್ಲಿ ನನಗೆ ಬೇಕಾಗಿದ್ದದ್ದು ಒಂದೇ ಉತ್ತರ. ಕುವೈತಿನಲ್ಲಿ ಉಳಿದುಹೋದ ಒಬ್ಬರು ಬದುಕಿದ್ದಾರೆಯೇ, ಬರುತ್ತಾರೆಯೇ. ಅದನ್ನು ನಾನು ಯಾರ ಹತ್ತಿರವೂ ಕೇಳುವ ಹಾಗಿರಲಿಲ್ಲ.

ನಾನಿದ್ದದ್ದು ದೋಹಾದ ಅಲ್ ಮುಂತಜಾ ಬಡಾವಣೆಯಲ್ಲಿ, ಅಣ್ಣ ಅತ್ತಿಗೆಯ ಜೊತೆ. ಹಳೆಯ ಕಟ್ಟಡದ ಮೂರನೆಯ ಮಹಡಿ. ಕೆಳಗೆ ಮಲಯಾಳಿಗಳ ಚಹದ ಅಂಗಡಿ, ಮೇಲೆ ಎಲ್ಲ ಮನೆಯವರೂ ಬಟ್ಟೆ ಒಣಹಾಕುವ ತಾರಸಿ. ಅಣ್ಣ ಕಂಟ್ರಾಕ್ಟಿಂಗ್ ಕಂಪನಿಯೊಂದರಲ್ಲಿ ಸೈಟ್ ಇಂಜಿನಿಯರ್. ನಾವು ಉಡುಪಿ ಕಡೆಯವರು, ಮನೆಯಲ್ಲಿ ಆಡುವುದು ತುಳು. ಆ ಮಾತುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಕುವೈತಿನಲ್ಲಿ ಉಳಿದುಹೋದ ಅವರು ಬಿಜಾಪುರ ಕಡೆಯವರು. ಅಣ್ಣನ ಸೈಟಿನಲ್ಲಿ ಸರ್ವೇಯರ್ ಆಗಿದ್ದರು. ಶುಕ್ರವಾರ ಎಲ್ಲರಿಗೂ ರಜೆ. ಅಂದು ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿಗೆ ಬರುತ್ತಿದ್ದರು. ಊಟವಾದ ಮೇಲೆ, ಬೊಂಬಾಯಿಯಿಂದ ತಡವಾಗಿ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಗಳನ್ನು ಕೇಳಿ ಪಡೆದುಕೊಂಡು ಹೋಗುವರು. ಮುಂದಿನ ವಾರ ತಂದುಕೊಡುವಾಗ ಸಂಸತ್ತಿನ ಸುದ್ದಿಯ ಪುಟ ಮೇಲೆ ಬರುವಂತೆ ಮಡಿಚಿರುತ್ತಿತ್ತು. ನಾನು ಮೊದಲು ಓದುವುದು ಆ ಪುಟವನ್ನೇ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಈ ಮಂತ್ರಿ ಹೇಳಿದ್ದಕ್ಕ ಉತ್ತರ ಅಂತಾರೇನ್ರಿ?" ಎಂದು ಒಂದು ಸಲ ಬಾಗಿಲಲ್ಲೇ ನಿಂತು ಕೇಳಿದರು. "ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು."

ಹಾಗಾದಾಗ ಪೂರಕ ಪ್ರಶ್ನೆ ಕೇಳಲು ಅವಕಾಶವಿದೆ ಎಂದು ನಾನು ವಿವರಿಸಿದೆ. ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕಾಲು ಬರಿದು, ಹಾಗೆಯೇ ನಿಂತು ಪೂರ್ತಿ ಕೇಳಿಸಿಕೊಂಡರು. ನಡುವೆ ಬಾಯಿ ಹಾಕದೆ ನನ್ನ ಮಾತನ್ನು ಕೇಳಿಸಿಕೊಂಡ ಗಂಡಸರು ಅಲ್ಲಿಯವರೆಗೆ ನನಗೆ ಹೆಚ್ಚು ಸಿಕ್ಕಿರಲಿಲ್ಲ. ನಮ್ಮ ನಡುವೆ ನಡೆದದ್ದು ಇಂಥವೇ. ಯಾರ ಮುಂದಾದರೂ ಹೇಳಿದರೆ ಇಷ್ಟೇನಾ ಎಂದಾರು.

ಯುದ್ಧದ ಹಿಂದಿನ ವರ್ಷ, ಸೆಖೆ ಏರುವ ಮೊದಲು, ಒಂದು ಸಂಜೆ ಎಲ್ಲರೂ ಸೂಕ್ ವಾಕಿಫ್ ಎಂಬ ಹಳೆಯ ಪೇಟೆಗೆ ಹೋಗಿದ್ದೆವು. ಊರಿಗೆ ಹೋಗುವವರ ಕೈಯಲ್ಲಿ ಕಳಿಸಲು ಅತ್ತಿಗೆಗೆ ಬಾದಾಮಿಯೂ ಕಂಬಳಿಯೂ ಬೇಕಿತ್ತು. ಅಣ್ಣ ಅತ್ತಿಗೆ ಕಂಬಳಿಯವನ ಹತ್ತಿರ ಚೌಕಾಸಿಗೆ ಇಳಿದಾಗ ಅವರು ನಾನು ನಿಂತಿದ್ದ ಕಾಳಿನ ಮೂಟೆಗಳ ಬಳಿ ಬಂದರು.

"ಕುವೈತಿನಾಗ ಒಂದ್ ವರ್ಷದ ಕೆಲಸ ಬಂದೈತ್ರಿ. ಹೋಗ್ಲ್ಯೋ ಬ್ಯಾಡೋ ಅಂತ ವಿಚಾರ ಮಾಡಾಕತ್ತೀನಿ."

"ನಿಮ್ಮ ಇಷ್ಟ" ಎಂದೆ.

"ನನ್ನ ಇಷ್ಟ ನನಗ ಗೊತ್ತೈತ್ರಿ. ನೀವೇನಂತೀರಿ?"

ಅಷ್ಟರಲ್ಲಿ ಅತ್ತಿಗೆ ಕಂಬಳಿಯ ಬಣ್ಣ ನೋಡಲು ಕರೆದರು. ಹೋದೆ. ಹಿಂದಿರುಗುವಾಗ ಕಾರಿನಲ್ಲಿ ಅವರು ಅಣ್ಣನ ಪಕ್ಕದಲ್ಲಿ ಕೂತು ಕ್ರಿಕೆಟ್ ಮಾತಾಡಿದರು. ಮುಂದಿನ ತಿಂಗಳು ಕುವೈತಿಗೆ ಹೋದರು.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಅಲ್ಲಿದ್ದ ನಮ್ಮ ಜನ ಬಸ್ಸು ಹಿಡಿದು, ಮರುಭೂಮಿ ದಾಟಿ, ಅಮ್ಮಾನ್ ತಲುಪಿ, ದಿಲ್ಲಿ ಕಳಿಸಿದ ವಿಮಾನಗಳಲ್ಲಿ ಊರು ಸೇರತೊಡಗಿದರು. ದೋಹಾದಲ್ಲಿದ್ದ ಕನ್ನಡಿಗರಲ್ಲಿ ಕುವೈತಿನಿಂದ ಯಾರಾದರೊಬ್ಬರ ಸುದ್ದಿಗೆ ಕಾಯದವರೇ ಇರಲಿಲ್ಲ. ಒಬ್ಬೊಬ್ಬರದಾಗಿ ಸುದ್ದಿ ಬಂತು. ಅವರದು ಬರಲಿಲ್ಲ. ಊರು ಸೇರಿದವನೊಬ್ಬ ಅಣ್ಣನಿಗೆ ಫೋನ್ ಮಾಡಿ, ಸೆಪ್ಟೆಂಬರಿನಲ್ಲಿ ಕುವೈತಿನ ಲೇಬರ್ ಕ್ಯಾಂಪ್ ಒಂದರ ಹತ್ತಿರ ಅವರನ್ನು ಕಂಡದ್ದಾಗಿ ಹೇಳಿದ. ಆಮೇಲೆ ವಿಮಾನಗಳೂ ನಿಂತವು.

ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ ನಾನು ರಾಯಭಾರ ಕಚೇರಿಗೆ ಫೋನ್ ಮಾಡಿದೆ. ಆ ಕಡೆಯಿದ್ದವರು ಸೌಜನ್ಯದಿಂದಲೇ ಮಾತಾಡಿದರು. ಹೆಸರು ಹೇಳಿದೆ, ಕೆಲಸ ಹೇಳಿದೆ. ಊರು ಯಾವುದೆಂದಾಗ ಬಿಜಾಪುರ ಜಿಲ್ಲೆ ಎಂದೆ. ಹಳ್ಳಿಯ ಹೆಸರು ಗೊತ್ತಿರಲಿಲ್ಲ. ತಂದೆಯ ಹೆಸರೂ ಗೊತ್ತಿರಲಿಲ್ಲ.

"ಅವರು ನಿಮಗೇನಾಗಬೇಕು?" ಎಂದು ಹಿಂದಿಯಲ್ಲಿ ಕೇಳಿದರು.

"ಪರಿಚಯದವರು."

"ಹತ್ತಿರದ ಸಂಬಂಧಿಕರು ಯಾರಾದರೂ ವಿಚಾರಿಸಿದರೆ ಒಳ್ಳೆಯದು, ಬೆಹೆನ್‌ಜಿ."

ಥ್ಯಾಂಕ್ಸ್ ಹೇಳಿ ರಿಸೀವರ್ ಇಟ್ಟೆ. ಆಮೇಲೆ ಮತ್ತೆ ಕೇಳಲು ಹೋಗಲಿಲ್ಲ.

ಯುದ್ಧ ಶುರುವಾದ ಮೇಲೆ ದೋಹಾದಿಂದಲೂ ಯುದ್ಧವಿಮಾನಗಳು ಏಳುತ್ತಿದ್ದವು. ಮುಸ್ಸಂಜೆ ಅಡುಗೆಮನೆಯ ಕಿಟಕಿಯ ಗಾಜು ಗಡಗಡ ಎಂದಾಗ ಅತ್ತಿಗೆ ಒಲೆಯ ಉರಿ ಸಣ್ಣ ಮಾಡಿ ಸುಮ್ಮನೆ ನಿಲ್ಲುವರು. ಕೆಳಗಿನ ಚಹದಂಗಡಿಯಲ್ಲಿ ಹುಡುಗರು ಹೊರಗೆ ಬಂದು ಕೈಬೀಸುತ್ತಿದ್ದರು. ನಾನು ತಾರಸಿಗೆ ಹೋಗಿ ಉತ್ತರದ ಕಡೆ ನೋಡುತ್ತಿದ್ದೆ. ಅವು ಹೋಗುತ್ತಿದ್ದದ್ದು ಅವರಿದ್ದ ಊರಿಗೆ. ಯುದ್ಧ ಬೇಗ ಮುಗಿದರೆ ಅವರು ಬರುತ್ತಾರೆ. ಬೇಗ ಮುಗಿಯಬೇಕಾದರೆ ಅವರಿರುವ ಕಡೆಯೇ ಬಾಂಬು ಹೆಚ್ಚು ಬೀಳಬೇಕು. ದೇವರ ಹತ್ತಿರ ಏನೆಂದು ಬೇಡುವುದು ಎಂದೇ ತಿಳಿಯುತ್ತಿರಲಿಲ್ಲ.

ಶುಕ್ರವಾರಗಳಲ್ಲಿ ಊರಿನವರು ಭಜನೆಗೆ ಸೇರುತ್ತಿದ್ದದ್ದು ಸ್ಟೇಷನರಿ ಅಂಗಡಿಯೊಂದರ ಮ್ಯಾನೇಜರರ ಮನೆಯಲ್ಲಿ. ವಯಸ್ಸಿನಲ್ಲಿ ಹಿರಿಯರಾದ ಅವರನ್ನು ಎಲ್ಲರೂ ಮಾಮ ಎಂದೇ ಕರೆಯುತ್ತಿದ್ದರು. ಜನವರಿಯ ಕೊನೆಯಲ್ಲಿ ಅಲ್ಲಿ ಭಜನೆಗಿಂತ ಮಾತೇ ಜೋರಾಯಿತು. ಕೊಲ್ಲಿಗೆ ಹೋಗುವ ಅಮೆರಿಕದ ಸೇನಾ ವಿಮಾನಗಳು ನಮ್ಮ ದೇಶದಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳುತ್ತಿವೆ, ಸರ್ಕಾರ ಒಳಗೊಳಗೇ ಒಪ್ಪಿಗೆ ಕೊಟ್ಟಿದೆ ಎಂಬ ಸುದ್ದಿ ಹೊರಬಿದ್ದಿತ್ತು. ದಿಲ್ಲಿಯಲ್ಲಿ ವಿರೋಧ ಪಕ್ಷದವರು ಕಿಡಿಕಿಡಿಯಾಗಿದ್ದರು.

"ಎಣ್ಣೆ ಇರುದು ಇಲ್ಲಿ. ತುಂಬಿಸ್ಲಿಕ್ಕೆ ಹೋಗುದು ಬೊಂಬಾಯಿಗೆ! ಇದೆಂತ ಲೆಕ್ಕ ಮಾರಾಯ್ರೆ?" ಎಂದ ಎಸಿ ಮೆಕ್ಯಾನಿಕ್ ಆಗಿದ್ದ ಕುಂದಾಪುರ ಕಡೆಯವನೊಬ್ಬ. ಅವನ ತಮ್ಮನೂ ಕುವೈತಿನಲ್ಲಿ ಉಳಿದಿದ್ದ.

"ಅವು ಬರುದು ಆಚೆ ಪೂರ್ವದ ಕಡೆಯಿಂದ. ಬೊಂಬಾಯಿ ದಾರಿಯಲ್ಲಿ ಸಿಗ್ತದಲ್ಲ" ಎಂದರು ಮಾಮ.

"ದಾರಿಯಲ್ಲಿ ಸಿಕ್ಕಿದ್ರೆ ಪೆಟ್ರೋಲ್ ಬಂಕ್ ಇಡುದಾ? ಮೊನ್ನೆವರೆಗೆ ನಾವು ಯಾರ ಪಾರ್ಟಿಯೂ ಅಲ್ಲ ಹೇಳ್ತಿದ್ರಲ್ಲ ದಿಲ್ಲಿಯವ್ರು."

"ಯುದ್ಧ ಬೇಗ ಮುಗಿದ್ರೆ ನಿನ್ನ ತಮ್ಮನೇ ಅಲ್ವಾ ಬರುದು? ಎಣ್ಣೆ ಹಾಕಿದ್ರೆ ನಿಂಗೆಂತ ಗಂಟು ಹೋಗ್ತದೆ?" ಎಂದ ಅಣ್ಣ.

"ತಮ್ಮನ ತಲೆ ಮೇಲೆ ಬಿದ್ರೆ?"

ಮಾಮ ನನ್ನ ಕಡೆ ತಿರುಗಿದರು. "ಟೀಚರ್ ಹೇಳ್ಲಿ. ಕಲಿತದ್ದು ಅದೇ ಅಲ್ವಾ."

ಇಂಧನ ಕೊಟ್ಟದ್ದು ಸರಿಯೋ ತಪ್ಪೋ ಎನ್ನುವುದು ಆಮೇಲಿನ ವಿಷಯ, ಸದನಕ್ಕೆ ತಿಳಿಸದೆ ಕೊಟ್ಟದ್ದು ಯಾಕೆ ಎಂದು ಮೊದಲು ಕೇಳಬೇಕು, ಎಂದೆ. ಯುದ್ಧ ಯಾರದೇ ಆಗಲಿ, ಅದರಲ್ಲಿ ನಮ್ಮ ಕೈ ಇದ್ದರೆ ಅದು ನಮ್ಮ ಜನಕ್ಕೆ ಗೊತ್ತಿರಬೇಕು. ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದೆನೇನೋ.

ಪಂಚಕಜ್ಜಾಯ ಹಂಚುತ್ತಿದ್ದ ಅತ್ತಿಗೆ ಯಾರ ಮುಖವನ್ನೂ ನೋಡದೆ, "ಹೇಳದೆ ಮಾಡುದು ಸರ್ಕಾರ ಮಾತ್ರವಾ?" ಎಂದರು.

ಮೆಕ್ಯಾನಿಕ್ ಕದ್ದು ಸಿಗರೇಟು ಸೇದುವುದನ್ನು ಎತ್ತಿಕೊಂಡು ಎಲ್ಲರೂ ನಕ್ಕರು. ನಾನು ನನ್ನ ಎಲೆಯ ತುಂಡನ್ನು ನೋಡಿಕೊಂಡು ಕೂತೆ.

ಪ್ರಶ್ನೆ ಕಳಿಸುವ ಆಲೋಚನೆ ಮಾಮನದು. ಅವರ ಹೆಂಡತಿಯ ಕಡೆಯವರಿಗೆ ಊರ ಕಡೆಯ ಸಂಸತ್ ಸದಸ್ಯರೊಬ್ಬರ ಪರಿಚಯವಿತ್ತು. ಕುವೈತಿನಲ್ಲಿ ಉಳಿದವರ ಗತಿ ಏನಾಯಿತು ಎಂದು ಸಂಸತ್ತಿನಲ್ಲೇ ಕೇಳಿಸಿದರೆ ಹೇಗೆ? ಮುಂದಿನ ಶುಕ್ರವಾರ ನಾವು ಅವರ ಮನೆಗೆ ಹೋಗುವಷ್ಟರಲ್ಲಿ ಗಂಡಸರು ಸೇರಿ ಒಂದು ಕರಡು ಮಾಡಿಟ್ಟಿದ್ದರು. ಅಂಗಡಿಯ ಫ್ಯಾಕ್ಸಿನಿಂದ ಕಳಿಸುವ ಮೊದಲು ಇಂಗ್ಲಿಷ್ ತಿದ್ದಿಕೊಡಬೇಕೆಂದು ನನ್ನ ಕೈಗೆ ಕೊಟ್ಟರು.

ನಾನು ಕುರ್ಚಿ ಎಳೆದುಕೊಂಡು ಕೂತೆ. ಅದು ಪ್ರಶ್ನೆಯಾಗಿರಲಿಲ್ಲ, ಆಫೀಸಿನ ಪತ್ರವಾಗಿತ್ತು. ಮೊದಲಿಗೆ ಸರ್ಕಾರಕ್ಕೆ ಧನ್ಯವಾದ, ಕೊನೆಗೆ ಕೈಂಡ್ಲಿ ಡೂ ದ ನೀಡ್‌ಫುಲ್. ನಡುವೆ ಪೂರ್ತಿ ಹೆಸರುಗಳು: ಇಂಥವನು, ಇಂಥವರ ಮಗ, ಇಂಥ ಗ್ರಾಮ, ತಾಲೂಕು, ಪಾಸ್‌ಪೋರ್ಟ್ ನಂಬರು ಗೊತ್ತಿದ್ದವರದು ಅದೂ ಸೇರಿ. ಕೊಲ್ಲಿಯಲ್ಲಿ ಕೆಲಸವಾಗಬೇಕಾದರೆ ವಾಸ್ತಾ ಬೇಕು, ಅಂದರೆ ಒಳಗಿರುವ ದೊಡ್ಡವರೊಬ್ಬರ ಕಿವಿಗೆ ನಮ್ಮವನ ಹೆಸರು ಬೀಳಬೇಕು. ವೀಸಾ, ಲೈಸೆನ್ಸ್, ಆಸ್ಪತ್ರೆಯ ಮಂಚ, ಎಲ್ಲದಕ್ಕೂ ಅದೇ ದಾರಿ. ಸಂಸತ್ತನ್ನೂ ಅವರು ಹಾಗೆಯೇ ತಿಳಿದಿದ್ದರು. ಮಂತ್ರಿ ಎದ್ದು ನಿಂತು ತಮ್ಮವನ ಹೆಸರನ್ನು ಓದಬೇಕು, ಇಡೀ ಸದನ ಕೇಳಬೇಕು, ಆಮೇಲೆ ಹುಡುಕದೆ ಇರುವುದು ಹೇಗೆ ಸಾಧ್ಯ?

ಎಲ್ಲರ ಹೆಸರುಗಳ ಕೆಳಗೆ ಅಣ್ಣನ ಕೈಬರಹದಲ್ಲಿ ಇನ್ನೊಂದು ಹೆಸರಿತ್ತು. ಅವರದು. ನಮ್ಮ ಮನೆಗೆ ಉಣ್ಣಲು ಬರುತ್ತಿದ್ದವರನ್ನು ಅಣ್ಣ ಮರೆತಿರಲಿಲ್ಲ.

"ಹೆಸರುಗಳನ್ನು ಹಾಕುವ ಹಾಗಿಲ್ಲ" ಎಂದೆ.

"ಯಾಕೆ?"

"ಪ್ರಶ್ನೆ ಅರ್ಥವಾಗಲು ಬೇಕೇಬೇಕು ಅನ್ನುವ ಹೆಸರು ಮಾತ್ರ ಇರಬಹುದು. ಉಳಿದದ್ದಿದ್ದರೆ ಪ್ರಶ್ನೆಯನ್ನೇ ತೆಗೆದುಕೊಳ್ಳುವುದಿಲ್ಲ. ಹೊಗಳಿಕೆಯೂ ಬೇಡ. ಎಷ್ಟು ಜನ ಉಳಿದಿದ್ದಾರೆ, ಎಲ್ಲಿದ್ದಾರೆ, ಅವರಿಗಾಗಿ ಏನು ಮಾಡಲಾಗಿದೆ, ಅಷ್ಟೇ ಕೇಳಬೇಕು."

"ಹೆಸರಿಲ್ಲದೆ ಕೇಳಿದ್ರೆ ಅವ್ರು ಯಾರನ್ನು ಹುಡುಕುದು?" ಎಂದ ಮೆಕ್ಯಾನಿಕ್. "ಎಷ್ಟು ಜನ ಹೇಳಿ ತಿಳ್ಕೊಂಡು ನಂಗೆಂತಕ್ಕೆ? ನಂಗೆ ನನ್ನ ತಮ್ಮ ಬೇಕು."

"ನಿಯಮ ಹಾಗುಂಟು."

"ನಿಯಮ!" ಅವನು ಎದ್ದೇಬಿಟ್ಟ. "ಟೀಚರಿಗೆ ಅಲ್ಲಿ ಯಾರೂ ಇಲ್ಲ. ಗೀಟು ಹಾಕ್ಲಿಕ್ಕೆ ಅವ್ರಿಗೆಂತ ಕಷ್ಟ?"

"ಏ, ಕೂತ್ಕೋ ಮಾರಾಯ" ಎಂದರು ಮಾಮ. "ಗೊತ್ತಿದ್ದವರು ಹೇಳ್ತಿದ್ದಾರೆ."

ನಾನು ಪೆನ್ನು ತೆಗೆದು ಮೇಲಿನಿಂದ ಒಂದೊಂದಾಗಿ ಗೀಟು ಹಾಕುತ್ತ ಬಂದೆ. ಕೊನೆಯದರ ಮೇಲೆ ಹಾಕುವ ಮೊದಲು ಓದಿಕೊಂಡೆ. ಅವರ ಅಪ್ಪನ ಹೆಸರು, ಅವರ ಹಳ್ಳಿಯ ಹೆಸರು ನನಗೆ ಗೊತ್ತಾದದ್ದು ಆವತ್ತೇ. ಇನ್ನೊಮ್ಮೆ ಓದಿ ಗೀಟು ಹಾಕಿದೆ. ಆಮೇಲೆ ಬೇರೆ ಹಾಳೆಯಲ್ಲಿ ಪ್ರಶ್ನೆಯನ್ನು ಚೊಕ್ಕಟವಾಗಿ ಬರೆದುಕೊಟ್ಟೆ. ನಾಲ್ಕೈದು ಸಾಲು. ಯಾಕೆ ಕೇಳುತ್ತೀರಿ, ನಿಮಗೆ ಅವರೇನಾಗಬೇಕು ಎಂದು ಪ್ರಶ್ನೆ ಕೇಳುವ ಸದಸ್ಯರನ್ನು ಯಾರೂ ಕೇಳುವುದಿಲ್ಲ. ಅದೊಂದು ಸಮಾಧಾನವಿತ್ತು.

ಮನೆಗೆ ಬಂದ ಮೇಲೆ ಅತ್ತಿಗೆ ನನ್ನನ್ನೂ ಬೆಂಡೆಕಾಯಿ ಹೆಚ್ಚಲು ಕೂರಿಸಿಕೊಂಡರು. ಅಣ್ಣ ಒಳಗೆ ರೇಡಿಯೋ ತಿರುಗಿಸುತ್ತಿದ್ದ.

"ಅವರ ಜಾತಿ ಯಾವುದು ಹೇಳಿಯಾದ್ರೂ ಗೊತ್ತುಂಟಾ ನಿಂಗೆ?" ಎಂದು ಮೆಲ್ಲಗೆ ಕೇಳಿದರು.

ಯಾರ, ಎಂದು ಕೇಳುವ ಸೋಗು ಹಾಕಲಾಗಲಿಲ್ಲ. "ಇಲ್ಲ" ಎಂದೆ.

"ಅಪ್ಪನ ಹೆಸರು?"

"ಗೊತ್ತುಂಟು."

"ಹೇಗೆ?"

"ಇವತ್ತು 'ಸನ್ ಆಫ್' ಅಂತ ಬರೆದಿತ್ತಲ್ಲ."

ಅತ್ತಿಗೆ ಈಳಿಗೆಮಣೆಯ ಮೇಲಿಂದ ತಲೆಯೆತ್ತಿ ನನ್ನನ್ನೇ ನೋಡಿದರು. ಆಮೇಲೆ ನಗು ತಡೆಯಲಾರದೆ ಸೆರಗನ್ನು ಬಾಯಿಗೊತ್ತಿಕೊಂಡರು. "ನಿನ್ನದು ಒಳ್ಳೆ ಪ್ರೀತಿ ಮಾರಾಯ್ತಿ. ನಿನ್ನಣ್ಣನಿಗೆ ನಾನು ಹೇಳ್ಲಾ?"

"ಬೇಡ. ಅವರಿದ್ದಾರಾ ಅಂತ ಮೊದಲು ಗೊತ್ತಾಗಲಿ."

ಅವರು ಮತ್ತೆ ನಗಲಿಲ್ಲ. ಹೆಚ್ಚಿದ ಬೆಂಡೆಕಾಯಿಯನ್ನು ನನ್ನ ಮುಂದಿನಿಂದ ಎಳೆದುಕೊಂಡು, ನೀನು ಹೋಗಿ ಸ್ವಲ್ಪ ಮಲಗು, ಎಂದರು.

ಫೆಬ್ರವರಿಯಲ್ಲಿ ವಿಮಾನಗಳಿಗೆ ಇಂಧನ ಕೊಡುವುದನ್ನು ನಿಲ್ಲಿಸಿದರು. ಗಲಾಟೆಗೆ ಸರ್ಕಾರ ಬಗ್ಗಿತ್ತು. ಭಜನೆಯ ಮನೆಯಲ್ಲಿ ಇದನ್ನು ಗೆಲುವೆಂದವರೂ ಇದ್ದರು, ಕೆಲಸ ಕೊಟ್ಟ ದೇಶಗಳ ಮುಂದೆ ನಮ್ಮ ಮರ್ಯಾದೆ ಹೋಯಿತೆಂದವರೂ ಇದ್ದರು. ನನಗೆ ಒಂದು ಬಗೆಯ ಹೆಮ್ಮೆಯೇ ಆಯಿತು. ಪುಸ್ತಕದಲ್ಲಿ ಓದಿದ್ದು ಹೀಗೆ ಕಣ್ಣೆದುರೇ ನಡೆದದ್ದು ಅಪರೂಪ. ಸದನ ಸೇರುವ ಮೊದಲೇ ಪ್ರಶ್ನೆ ಕೇಳಿದರು, ಉತ್ತರ ಕೊಡಬೇಕಾಯಿತು, ನಡೆ ಬದಲಿಸಬೇಕಾಯಿತು. ಆದರೆ ಅಧಿವೇಶನ ಶುರುವಾದ ಮೇಲೆ ರೇಡಿಯೋದ ಸಂಸತ್ ವರದಿಗೆ ಕಿವಿಗೊಟ್ಟು ಕೂತಾಗ ಒಂದೊಂದು ದಿನವೂ ವಿಮಾನ, ವಿಮಾನ, ವಿಮಾನ. ಗದ್ದಲ, ಮುಂದೂಡಿಕೆ. ಉಳಿದವರ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಯುದ್ಧವೇ ಮುಗಿದುಹೋಯಿತು. ಕುವೈತಿನಲ್ಲಿ ಬಾವುಟ ಹಿಡಿದು ಕುಣಿಯುವವರನ್ನು ಟೀವಿಯಲ್ಲಿ ತೋರಿಸಿದಾಗ ನಾನು ಆ ಗುಂಪಿನ ಅಂಚಿನಲ್ಲಿ ನಿಂತವರ ಮುಖಗಳನ್ನೇ ಹುಡುಕಿದೆ.

ಮಾರ್ಚಿನ ಮೊದಲಲ್ಲಿ ಸಂಸತ್ ಸದಸ್ಯರ ಮನೆಯಿಂದ ಮಾಮನ ಅಂಗಡಿಗೆ ಫ್ಯಾಕ್ಸ್ ಬಂತು. ಪ್ರಶ್ನೆಯೂ ಲಿಖಿತ ಉತ್ತರವೂ ಅದರಲ್ಲಿದ್ದವು. ಸದಸ್ಯರು ವಿರೋಧ ಪಕ್ಷದವರು. ವಿಮಾನಗಳ ಬಗ್ಗೆ ತಾವು ಕೇಳಬೇಕೆಂದಿದ್ದ ಪ್ರಶ್ನೆಯ ಬಾಲಕ್ಕೆ ನಮ್ಮದನ್ನು ಅಂಟಿಸಿದ್ದರು. ಯಾವ ಒಪ್ಪಂದದ ಪ್ರಕಾರ ಇಳಿಯಲು ಬಿಟ್ಟಿರಿ, ಒಪ್ಪಿಗೆ ಕೊಟ್ಟವರು ಯಾರು, ಸದನಕ್ಕೆ ಯಾಕೆ ತಿಳಿಸಲಿಲ್ಲ. ಕೊನೆಗೆ, ಕುವೈತಿನಲ್ಲಿ ಉಳಿದ ಭಾರತೀಯರೆಷ್ಟು, ಅವರಿಗಾಗಿ ಏನು ಮಾಡಿದ್ದೀರಿ. ಮಾಮ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. ವಿಮಾನಗಳ ಬಗ್ಗೆ ಉದ್ದನೆಯ ವಿವರಣೆಯಿತ್ತು. ಉಳಿದವರ ಬಗ್ಗೆ ಎರಡೇ ವಾಕ್ಯ. ನಿಖರ ಸಂಖ್ಯೆ ಸರ್ಕಾರದ ಬಳಿ ಇಲ್ಲ. ತೆರವು ಮುಗಿದ ಮೇಲೂ ಅಲ್ಲಿದ್ದವರು ಬಹುಮಟ್ಟಿಗೆ ತಮ್ಮ ಇಷ್ಟದಿಂದಲೇ ಉಳಿದವರು.

"ಇಷ್ಟದಿಂದ ಅಂತೆ!" ಎಂದ ಮೆಕ್ಯಾನಿಕ್. "ನನ್ನ ತಮ್ಮ ಅಲ್ಲಿಗೆ ಹನಿಮೂನಿಗೆ ಹೋದದ್ದಾ?"

ಈ ಸಲ ಅವನು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. "ಟೀಚರೇ, ಇದಕ್ಕೆ ತಿರುಗಿ ಕೇಳ್ಲಿಕ್ಕೆ ಆಗ್ತದಾ?" ಎಂದು ಕೇಳಿದ. ಆಗುತ್ತದೆ ಎಂದೆ. ಆ ಸಂಜೆಯೇ ಹೊಸ ಪ್ರಶ್ನೆ ಬರೆದೆ: ಇಷ್ಟದಿಂದ ಉಳಿದರು ಎಂದು ಸರ್ಕಾರಕ್ಕೆ ಗೊತ್ತಾದದ್ದು ಹೇಗೆ? ಅವರನ್ನು ಯಾರು ಕೇಳಿದರು? ಬರೆಯುತ್ತ ನನ್ನ ಕೈ ನಿಧಾನವಾಯಿತು. ಅವರು ನಿಜವಾಗಿಯೂ ಇಷ್ಟಪಟ್ಟೇ ಉಳಿದಿದ್ದರೆ? ಬರಲು ದಾರಿಯಿದ್ದೂ ಬರಬೇಕೆನಿಸದಿದ್ದರೆ? ಅಷ್ಟು ದಿನ ಅವರು ಸತ್ತಿರಬಹುದು ಎಂದು ಹೆದರಿದ್ದೆನೇ ಹೊರತು ಹೀಗೂ ಇರಬಹುದೆಂದು ಯೋಚಿಸಿರಲಿಲ್ಲ. ಸರ್ಕಾರದ ಆ ಒಂದು ಶಬ್ದ ನನ್ನ ನಿದ್ದೆ ಕೆಡಿಸಿತು.

ಹೊಸ ಪ್ರಶ್ನೆ ಹೋಗಲೇ ಇಲ್ಲ. ಅದೇ ವಾರ ಪ್ರಧಾನಿ ರಾಜೀನಾಮೆ ಕೊಟ್ಟರು, ಕೆಲವೇ ದಿನಗಳಲ್ಲಿ ಲೋಕಸಭೆ ವಿಸರ್ಜನೆಯಾಯಿತು.

"ಖಲಾಸ್" ಎಂದರು ಮಾಮ, ಫ್ಯಾಕ್ಸ್ ಹಾಳೆಯನ್ನು ನಾಲ್ಕಾಗಿ ಮಡಿಚುತ್ತ. "ಕೇಳುವವರೂ ಮನೆಗೆ, ಹೇಳುವವರೂ ಮನೆಗೆ. ಎಲೆಕ್ಷನ್ ಆಗಿ ಬರ್ಲಿ."

ಕುವೈತಿನಲ್ಲಿ ಎಣ್ಣೆ ಬಾವಿಗಳು ಉರಿಯುತ್ತಿದ್ದವು. ಗಾಳಿ ಈ ಕಡೆ ತಿರುಗಿದ ದಿನ ದೋಹಾದ ಆಕಾಶ ನಡುಹಗಲಿಗೇ ಮಂಕಾಗುವುದು, ತಾರಸಿಯಲ್ಲಿ ಒಣಹಾಕಿದ ಬಟ್ಟೆಗಳ ಮೇಲೆ ಸಣ್ಣ ಮಸಿ ಕೂರುವುದು. ಅತ್ತಿಗೆ ಬೈದುಕೊಂಡು ಮತ್ತೆ ನೆನೆಹಾಕುವರು. ನಾನು ಆ ಮಸಿಯನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದೆ. ಅಲ್ಲಿಂದ ಬಂದದ್ದು ಅದೊಂದೇ.

ಏಪ್ರಿಲಿನ ಒಂದು ಶುಕ್ರವಾರ, ಊಟಕ್ಕೆ ಕೂರುವ ಹೊತ್ತಿಗೆ ಫೋನ್ ಬಂತು. ಅಣ್ಣ ಎತ್ತಿದ. ಹಲೋ ಹಲೋ ಎಂದು ಎರಡು ಸಲ ಕಿರುಚಿದವನು ಒಮ್ಮೆಲೇ, "ಮಾರಾಯ್ರೆ! ಎಲ್ಲಿಂದ? ಬೊಂಬಾಯಿಯಾ?" ಎಂದ. ನನ್ನ ಕೈಯಲ್ಲಿ ಅನ್ನದ ಪಾತ್ರೆಯಿತ್ತು. ಅತ್ತಿಗೆ ಬಂದು ಅದನ್ನು ತೆಗೆದುಕೊಂಡರು.

ಅಣ್ಣ ನಗುತ್ತ, ಬೈಯುತ್ತ, ಏನೇನೋ ಕೇಳಿದ. ಏಟು ಬಿದ್ದಿದೆಯಾ, ಊಟ ಮಾಡಿದಿರಾ, ಮನೆಗೆ ಸುದ್ದಿ ಕಳಿಸಿದಿರಾ. ಕೊನೆಗೆ, "ಇವರೆಲ್ಲ ಇಲ್ಲೇ ಇದ್ದಾರೆ, ನಿಲ್ಲಿ" ಎಂದು ಅತ್ತಿಗೆಯ ಕಡೆ ಚಾಚಿದ. ಅತ್ತಿಗೆ ರಿಸೀವರನ್ನು ಮುಟ್ಟದೆ ನನ್ನ ಕಡೆ ಕಣ್ಣು ಮಾಡಿದರು.

"ನಾನು" ಎಂದೆ.

"ಗೊತ್ತಾತ್ರಿ" ಎಂದರು. ಧ್ವನಿ ಒಣಗಿತ್ತು, ದೂರದಲ್ಲಿತ್ತು. "ಆರಾಮದೀರೇನ್ರಿ?"

ಅಣ್ಣ ಪಕ್ಕದಲ್ಲೇ ನಿಂತಿದ್ದ. ನಾನು ತಿಂಗಳುಗಟ್ಟಲೆ ಅದುಮಿಟ್ಟಿದ್ದನ್ನು ಕೇಳಿದೆ. "ನೀವು ಇಷ್ಟಪಟ್ಟೇ ಅಲ್ಲಿ ಉಳಿದಿರಾ?"

"ಹೌದ್ರಿ. ರಜಾಕ್ಕ ಊರಿಗೆ ಹೊಂಟಿದ್ದೆ ನೋಡ್ರಿ, ಹಂಗಾಗಿ ನನ್ನ ಪಾಸ್‌ಪೋರ್ಟ್ ನನ್ನ ಕೈಯಾಗ ಇತ್ತು. ಕ್ಯಾಂಪಿನ ಹುಡುಗರದ್ದೆಲ್ಲ ಮಾಲಕನ ತಿಜೋರ್ಯಾಗ. ಅಂವ ಮೊದಲನೇ ದಿನಾನ ಓಡಿಹೋದ. ಚೆಕ್‌ಪೋಸ್ಟಿನ್ಯಾಗ ಅವರ ಸಲುವಾಗಿ ಮಾತಾಡಾಕ ಯಾರೂ ಇದ್ದಿಲ್ರಿ. ನಾನೊಬ್ಬ ಬಸ್ ಹತ್ತಿ ಬಂದಿದ್ರ..." ಮಾತು ನಿಲ್ಲಿಸಿದರು. "ಬರಾಕ ಮನಸ್ಸಾಗ್ಲಿಲ್ರಿ. ಈಗ ಎಲ್ಲಾರೂ ಬಂದೀವಿ."

ಸರ್ಕಾರ ಹೇಳಿದ್ದು ಸುಳ್ಳಾಗಿರಲಿಲ್ಲ. ಅದರಿಂದ ಏನೂ ತಿಳಿದಿರಲೂ ಇಲ್ಲ.

"ಇನ್ನು ಏನು ಮಾಡುತ್ತೀರಿ?" ಎಂದೆ.

"ಏನೂ ವಿಚಾರ ಮಾಡಿಲ್ರಿ."

ಅಣ್ಣ ಹಿಂದೆ ಸರಿಯಲಿಲ್ಲ. ಅತ್ತಿಗೆ ಅನ್ನದ ಪಾತ್ರೆ ಹಿಡಿದುಕೊಂಡೇ ನಿಂತಿದ್ದರು.

"ದೋಹಾಕ್ಕೆ ಬನ್ನಿ" ಎಂದೆ. ಸಾಲದೆಂದು ತೋರಿತು. "ನೀವು ಬರಬೇಕು ಅಂತ ನನಗೆ ಆಸೆ ಇದೆ."

ಲೈನಿನಲ್ಲಿ ಗರಗರ ಸದ್ದು. ನನ್ನ ಮಾತು ಅಲ್ಲಿಗೆ ತಲುಪಿ, ಅವರ ಮಾತು ಇಲ್ಲಿಗೆ ಬರುವಷ್ಟರಲ್ಲಿ ನನ್ನ ಕಿವಿ ಬಿಸಿಯಾಗಿತ್ತು.

"ಬರ್ತೀನ್ರಿ" ಎಂದರು. "ಮೊದಲ ಅವ್ವಗ ಮಾರಿ ತೋರಿಸಿ ಬರ್ತೀನಿ. ಇವತ್ತ ರೈಲಿಗೆ ಹೊಂಟೀನಿ."

ಫೋನ್ ಇಟ್ಟ ಮೇಲೆ ಅಣ್ಣ ಊಟಕ್ಕೆ ಕೂತ. ಯಾರೂ ಸರಿಯಾಗಿ ಉಣ್ಣಲಿಲ್ಲ. ನಾನು ಬಟ್ಟೆ ತರುತ್ತೇನೆಂದು ತಾರಸಿಗೆ ಹೋದೆ. ಸ್ವಲ್ಪ ಹೊತ್ತಿಗೆ ಅವನೂ ಬಂದ. ಬಟ್ಟೆ ಒಣಹಾಕುವ ಜಾಗಕ್ಕೆ ಅಣ್ಣ ಎಂದೂ ಬಂದವನಲ್ಲ. ತಂತಿಯಿಂದ ಒಂದು ಕ್ಲಿಪ್ ಕಿತ್ತು ಕೈಯಲ್ಲಿ ಒತ್ತುತ್ತ ನಿಂತ.

"ಅವಳಿಗೆ ಗೊತ್ತಿತ್ತಾ?" ಎಂದ. ಅವಳೆಂದರೆ ಅತ್ತಿಗೆ.

"ಹೂಂ."

"ನನಗೊಬ್ಬನಿಗೆ ಗೊತ್ತಿಲ್ಲ." ಕ್ಲಿಪ್ಪನ್ನು ಮತ್ತೆರಡು ಸಲ ಒತ್ತಿದ. "ಊರಲ್ಲಿ ಅಪ್ಪನಿಗೆ ಯಾರು ಹೇಳುದು?"

"ನಾನೇ ಬರೀತೇನೆ."

"ಅಪ್ಪ ಒಪ್ಪುದಿಲ್ಲ."

"ಗೊತ್ತುಂಟು."

"ಆ ಬಿಜಾಪುರದವರಿಗೆ ಮೀನಿನ ವಾಸನೆ ಆಗುದಿಲ್ಲ, ಅದಾದ್ರೂ ಗೊತ್ತುಂಟಾ?"

"ಅದೂ ಗೊತ್ತುಂಟು."

ಅವನಿಗೆ ನಗು ಬಂತೇನೋ, ಮುಖ ಆಚೆ ತಿರುಗಿಸಿದ. "ಈಗ ವೀಸಾ ಬೇಗ ಸಿಗುದಿಲ್ಲ" ಎಂದ ಸ್ವಲ್ಪ ಬಿಟ್ಟು. "ಕಂಪನಿಯಲ್ಲಿ ಇದ್ದವರನ್ನೇ ಕಳಿಸ್ತಿದ್ದಾರೆ. ಆರು ತಿಂಗಳೋ, ವರ್ಷವೋ. ಕೇಳಿ ನೋಡ್ತೇನೆ."

ಬಟ್ಟೆಗಳನ್ನು ಇಬ್ಬರೂ ಸೇರಿ ಇಳಿಸಿದೆವು. ಸಂಜೆ ನಾನು ಶಾಲೆಯ ಅಟ್ಲಾಸ್ ತೆರೆದು ಕೂತೆ. ಬಿಜಾಪುರವನ್ನು ಕಂಡವಳಲ್ಲ. ಬೊಂಬಾಯಿಯಿಂದ ರೈಲಿನ ಗೆರೆ ಘಟ್ಟ ಹತ್ತಿ, ಪುಣೆ ದಾಟಿ, ಸೊಲ್ಲಾಪುರಕ್ಕೆ ಬಂದು ಅಲ್ಲಿಂದ ಕೆಳಗೆ ಇಳಿಯುತ್ತಿತ್ತು. ಅವರ ಹಳ್ಳಿ ಭೂಪಟದಲ್ಲಿರಲಿಲ್ಲ. ಸೊಲ್ಲಾಪುರದಲ್ಲಿ ಗಾಡಿ ಬದಲಿಸಬೇಕು, ಎಂದ ಅಣ್ಣ ಹಿಂದಿನಿಂದ ಬಗ್ಗಿ ನೋಡಿ. ಅಲ್ಲಿ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂದು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ.